ರಿಚರ್ಡ್ಸ್ ಟೌನಿನಲ್ಲಿ ಒಂದು ಸಂಜೆ

ಬೆಂಗಳೂರಿಗೆ ಬರುವ ಯಾತ್ರಿಕರು ಸಾಮಾನ್ಯವಾಗಿ ಲಾಲ್‌ಬಾಗನ್ನೂ ವಿಧಾನಸೌಧವನ್ನೂ ನೋಡಿ ತೃಪ್ತರಾಗಿ ಹಿಂದಿರುಗುವರು. ಆದರೆ ಒಂದು ನಗರವು ಯಾರ ಇಚ್ಛೆಯಿಂದ ಹೇಗೆ ಬೆಳೆಯುತ್ತದೆಂಬುದನ್ನು ತಿಳಿಯಬಯಸುವವರು ದಂಡಿನ ಪ್ರದೇಶದ ಒಂದು ಚಿಕ್ಕ ಬಡಾವಣೆಯನ್ನು ಸುತ್ತಿ ಬಂದರೆ ಹೆಚ್ಚು ಲಾಭವುಂಟು. ಈ ಕುತೂಹಲದಿಂದಲೇ ನಾವು ಒಂದು ಭಾನುವಾರ ಸಂಜೆ ದಂಡು ರೈಲು ನಿಲ್ದಾಣದಲ್ಲಿಳಿದು ರಿಚರ್ಡ್ಸ್ ಟೌನಿನ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟೆವು.

ಈ ಬಡಾವಣೆಗೆ ಕಳೆ ಕೊಟ್ಟಿರುವುದು ರಿಚರ್ಡ್ಸ್ ಉದ್ಯಾನ. ಅಲ್ಲಿ ವೃದ್ಧರು ಮೆಲ್ಲಮೆಲ್ಲನೆ ಸುತ್ತು ಹಾಕುತ್ತಿದ್ದರು. ಮಕ್ಕಳು ಅವರನ್ನು ಹಾಯ್ದು ಓಡುತ್ತಿದ್ದರು. ಸುತ್ತಣ ಬೀದಿಗಳಲ್ಲಿ ಹೆಂಚು ಹೊದಿಸಿದ ಹಳೆಯ ಬಂಗಲೆಗಳು ಇನ್ನೂ ಕೆಲವು ಉಳಿದಿವೆ. ಕಿಟಕಿಗಳ ಮೇಲೆ ಚೂಪಾಗಿ ಮುಂಚಾಚಿದ ಮರದ ಮಾಡೇ ಇವುಗಳ ಗುರುತು. ಜನರು ಇದನ್ನು ‘ಮಂಕಿ ಟಾಪ್’ ಎನ್ನುವರು. ಇಂಥ ಒಂದು ಬಂಗಲೆ ಉರುಳಿದಲ್ಲಿ ಹತ್ತು ಸಂಸಾರಗಳ ಅಪಾರ್ಟ್‌ಮೆಂಟು ಏಳುತ್ತದೆ. ಬೀದಿಯಂತೂ ಹಿಂದಿನ ಅಗಲದ್ದೇ!

ಈ ಬೀದಿಗಳು ಇಷ್ಟು ನೇರವಾಗಿರುವುದಕ್ಕೆ ಒಂದು ಮಹಾವಿಪತ್ತೇ ಕಾರಣ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಹೊಕ್ಕಿತು. ಇಕ್ಕಟ್ಟಾದ ಕೇರಿಗಳಲ್ಲಿ ಸಾವಿರಾರು ಜನರು ಸತ್ತರು. ಜನಸಂದಣಿಯನ್ನು ಚದುರಿಸಲು ದಂಡಿನ ಆಡಳಿತವು ಹೊಸ ಬಡಾವಣೆಗಳನ್ನು ಹಾಕಿಸಿತು. ಫ್ರೇಜರ್ ಟೌನ್ ಹಾಗೆ ಹುಟ್ಟಿದ್ದು. ಕುಕ್ ಟೌನ್, ರಿಚರ್ಡ್ಸ್ ಟೌನ್‌ಗಳು ಅದರ ನೆರೆಯಲ್ಲಿ ಬೆಳೆದವು. ಪ್ಲೇಗಿಗೆ ಎಡೆಗೊಡದಂತೆ ಊರನ್ನು ಕಟ್ಟುವ ಬಗೆಯನ್ನು ಕುರಿತು ಜೆ. ಎಚ್. ಸ್ಟೀಫನ್ಸ್ ಎಂಬ ಎಂಜಿನಿಯರು ೧೯೧೪ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಗಾಳಿಬೆಳಕುಗಳ ಮಟ್ಟಿಗೆ ಆ ಯೋಜನೆ ಒಳ್ಳೆಯದೇ. ಆದರೆ ಅಲ್ಲಿ ಬಾಳಬೇಕಾದವರ ಮಾತಿಗೆ ಆ ಕಾಲದಲ್ಲಿ ಹೆಚ್ಚಿನ ಎಡೆಯಿರಲಿಲ್ಲ. ಬಡಾವಣೆಗಳ ಹೆಸರುಗಳೂ ಅಧಿಕಾರಿಗಳವೇ.

೧೯೪೭ರ ಜುಲೈ ೨೬ರಂದು ದಂಡಿನ ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿತು. ೧೯೪೯ರಲ್ಲಿ ಪೇಟೆ, ದಂಡು ಎರಡೂ ಒಂದೇ ಕಾರ್ಪೊರೇಷನ್ನಿಗೆ ಸೇರಿದವು. ಅಧಿಕಾರಿಗಳ ಕಾಲ ಕಳೆದು ಪ್ರಜೆಗಳ ಕಾಲ ಬಂದಿತೆಂದು ವಾಚಕರು ಭಾವಿಸಬಹುದು. ಅದು ಎಷ್ಟರಮಟ್ಟಿಗೆ ನಿಜವೆಂಬುದು ನಮಗೆ ಹಿಂದಿರುಗುವ ದಾರಿಯಲ್ಲಿ ತಿಳಿಯಿತು.

ಬರುವಾಗ ನಾವು ಪಾಟರಿ ಟೌನನ್ನು ಹಾಯ್ದೆವು. ಇದು ಕುಂಬಾರರ ಕೇರಿ. ಕುಂಡ, ಹಣತೆ, ಗಣಪತಿಯ ಮೂರ್ತಿಗಳು ಇಲ್ಲಿ ರೂಪುಗೊಳ್ಳುತ್ತವೆ. ಈ ಕೇರಿಯ ಹೆಸರನ್ನೇ ನೆಲದಡಿಯ ಮೆಟ್ರೋ ನಿಲ್ದಾಣವೊಂದಕ್ಕೆ ಇಟ್ಟಿದ್ದಾರೆ. ಹಸಿ ಮಡಕೆ ಒಣಗಲು ಎಷ್ಟು ಅಂಗಳ ಬೇಕು, ಆವಿಗೆಯ ಹೊಗೆ ಯಾವ ಕಡೆಗೆ ತಿರುಗುತ್ತದೆ, ಮಳೆಯ ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಕುಂಬಾರನಿಗೆ ಗೊತ್ತು, ನಕ್ಷೆಗೆ ಗೊತ್ತಿಲ್ಲ.

ಇದೇ ಮಾರ್ಗದ ಮುಂದಿನ ನಿಲ್ದಾಣದ ಕಥೆಯೂ ಬೋಧಪ್ರದವಾದದ್ದು. ಮೊದಲು ಅದನ್ನು ದಂಡು ರೈಲು ನಿಲ್ದಾಣದ ಬಳಿಯಲ್ಲೇ ಕಟ್ಟುವುದೆಂದಿತ್ತು. ೨೦೧೭ರಲ್ಲಿ ಅದನ್ನು ಬಂಬೂ ಬಜಾರಿನ ಮೈದಾನದ ಕಡೆಗೆ ಸರಿಸುವ ನಿರ್ಧಾರವಾಯಿತು. ಹಣವೂ ಕಾಲವೂ ಉಳಿಯುವುದೆಂಬುದು ನಿಗಮದ ವಾದ. ರೈಲಿಳಿದವರಿಗೆ ಮೆಟ್ರೋ ದೂರವಾಗುವುದು, ಮಕ್ಕಳ ಆಟದ ಬಯಲು ಹೋಗುವುದು ಎಂಬುದು ಸುತ್ತಣ ನಿವಾಸಿಗಳ ಅಳಲು. ಅವರು ಪ್ರತಿಭಟಿಸಿದರು. ನಿಲ್ದಾಣವಾದರೋ ಸರಿಸಿದ ಜಾಗದಲ್ಲೇ ನಿಂತಿತು. ಯಾರ ವಾದ ಸರಿಯೆಂದು ತೀರ್ಪು ಕೊಡಲು ನಾವು ಸಮರ್ಥರಲ್ಲ. ಗೆರೆ ಎಳೆದಾದ ಮೇಲೆ ಕೇಳುವುದಕ್ಕೂ ಎಳೆಯುವ ಮೊದಲು ಕೇಳುವುದಕ್ಕೂ ಅಜಗಜಾಂತರವುಂಟೆಂಬುದನ್ನು ಮಾತ್ರ ಬಲ್ಲೆವು.

ಜನರು ಗೆದ್ದದ್ದೂ ಉಂಟು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲುಸೇತುವೆಯನ್ನು ಕಟ್ಟಲು ಸರ್ಕಾರ ಹೊರಟಾಗ, ೨೦೧೬ರ ಅಕ್ಟೋಬರಿನಲ್ಲಿ ಸಾವಿರಾರು ಜನರು ಕೈಕೈ ಹಿಡಿದು ರಸ್ತೆಯುದ್ದಕ್ಕೂ ನಿಂತು ‘ಬೇಡ’ ಎಂದರು. ೨೦೧೭ರ ಮಾರ್ಚಿನಲ್ಲಿ ಯೋಜನೆ ರದ್ದಾಯಿತು. ಆದರೆ ‘ಬೇಡ’ ಎನ್ನಲು ಬೀದಿ ಸಾಕು. ‘ಇಂಥದು ಬೇಕು’ ಎನ್ನಲು ಕೂತು ಮಾತಾಡುವ ಒಂದು ಸಭೆ ಬೇಕು.

ಆ ಸಭೆಗೆ ಕಾನೂನಿನ ಆಧಾರವಿದೆ. ೧೯೯೩ರಲ್ಲಿ ಜಾರಿಗೆ ಬಂದ ಸಂವಿಧಾನದ ೭೪ನೆಯ ತಿದ್ದುಪಡಿಯು ದೊಡ್ಡ ನಗರಗಳಿಗೆ ವಾರ್ಡು ಸಮಿತಿಗಳನ್ನು ವಿಧಿಸಿತು. ಬೆಂಗಳೂರಿನಲ್ಲಿ ಇವು ಅನೇಕ ಕಡೆ ನಿಯತವಾಗಿ ಸೇರತೊಡಗಿದ್ದು ೨೦೧೮ರ ಕೊನೆಯ ಹೊತ್ತಿಗೆ. ಆಗಿನ ನಿಯಮದಂತೆ ಸಮಿತಿಯ ಹತ್ತು ಮಂದಿ ಸದಸ್ಯರಲ್ಲಿ ಮೂವರಾದರೂ ಸ್ತ್ರೀಯರು, ಇಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕಾಗಿತ್ತು. ೨೦೨೦ರ ಸೆಪ್ಟೆಂಬರಿನಲ್ಲಿ ಚುನಾಯಿತ ಸದಸ್ಯರ ಅವಧಿ ತೀರಿತು; ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ೨೦೨೫ರಲ್ಲಿ ಒಂದು ಮಹಾನಗರ ಪಾಲಿಕೆಯ ಬದಲು ಐದು ನಗರ ಪಾಲಿಕೆಗಳಾದವು. ಪಾಲಿಕೆಗಳು ಐದಾದರೂ ಐವತ್ತಾದರೂ, ಬೀದಿಯ ಮಾತು ಅಲ್ಲಿಗೆ ತಲಪದಿದ್ದರೆ ಫಲವೇನು?

ಇಲ್ಲಿ ಗೃಹಸ್ಥರಾದ ನಮ್ಮ ದೋಷವನ್ನೂ ಒಪ್ಪಿಕೊಳ್ಳಬೇಕು. ನಿವಾಸಿಗಳ ಸಂಘವೆಂದರೆ ಅನೇಕ ವೇಳೆ ಮನೆಯ ಒಡೆಯರ ಸಂಘ. ಬಾಡಿಗೆಯವರು, ಕುಂಬಾರರು, ಬೀದಿ ಗುಡಿಸುವವರು, ತರಕಾರಿಯ ಗಾಡಿಯವರು ನಿವಾಸಿಗಳಲ್ಲವೆ? ನಲ್ಲಿಯಲ್ಲಿ ಯಾವ ದಿನ ನೀರು ಬಾರದೆಂಬುದನ್ನು ಯಜಮಾನನಿಗಿಂತ ಗೃಹಿಣಿ ಚೆನ್ನಾಗಿ ಬಲ್ಲಳು. ಆಕೆ ಸಭೆಗೆ ಹೋಗಲಿ. ಹೋಗುವಾಗ ಹಿಂಬೀದಿಯ ನೆರೆಯವಳನ್ನೂ ಕರೆದೊಯ್ಯಲಿ.

ನಾವು ದಂಡು ನಿಲ್ದಾಣವನ್ನು ಸೇರುವಷ್ಟರಲ್ಲಿ ಕತ್ತಲಾಗಿತ್ತು. ಪ್ಲೇಗಿಗೆ ಹೆದರಿ ಪರರು ಹಾಕಿಕೊಟ್ಟ ನೇರವಾದ ಬೀದಿಗಳು ನೂರು ವರ್ಷ ಬಾಳಿದವು. ಮುಂದಿನ ನೂರು ವರ್ಷದ ಗೆರೆಯನ್ನು ಎಳೆಯುವಾಗಲಾದರೂ ಅಲ್ಲಿ ಬಾಳುವವರ ಕೈ ಅದರಲ್ಲಿ ಸೇರಲೆಂದು ಹಾರೈಸುತ್ತ ರೈಲು ಹತ್ತಿದೆವು.