ಅಡಗಿಕೊಂಡ ಬಿಸಿ

ಊರಿನಿಂದ ಬಂದ ಹೊಸತರಲ್ಲಿ ನಾನು ಮುಂಬಯಿಯ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಮಾಣಿಯಾಗಿದ್ದೆ. ಬೆಳಗಿನ ಜಾವ ಇಡ್ಲಿಯ ಅಟ್ಟಿನಳಗೆಯ ಹತ್ತಿರ ಹೋದರೆ ಭಟ್ಟರು ಗದರುತ್ತಿದ್ದರು: “ಮಾಣೀ, ಮುಚ್ಚಳ ನಿನ್ನ ಕಡೆಗೆ ಎತ್ತಬೇಡ ಮಾರಾಯ! ಬಿಸಿನೀರು ಬಿದ್ದರೆ ಬೊಕ್ಕೆ ಬರ್ತದೆ, ಹಬೆ ಬಡಿದರೆ ಚರ್ಮವೇ ಕಿತ್ತು ಬರ್ತದೆ.” ಒಂದು ದಿನ ಬಡಿದೇ ಬಿಟ್ಟಿತು. ಎಡಗೈಯ ಮಣಿಕಟ್ಟಿನಲ್ಲಿ ಅದರ ಗುರುತು ಇನ್ನೂ ಇದೆ.

ಕುದಿಯುವ ನೀರೂ 100 ಡಿಗ್ರಿ, ಅದರಿಂದೇಳುವ ಹಬೆಯೂ 100 ಡಿಗ್ರಿ. ಹಬೆಗೆ ಮಾತ್ರ ಅಷ್ಟು ರೋಷ ಯಾಕೆ? ಉತ್ತರ ಸಿಕ್ಕಿದ್ದು ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ. ಹಗಲೆಲ್ಲ ಲೋಟ ತೊಳೆದ ಕೈಗಳು ರಾತ್ರಿ ಪೆನ್ನು ಹಿಡಿಯುತ್ತಿದ್ದ ಅಂಥ ಶಾಲೆಗಳಿಂದಲೇ ನಮ್ಮ ಕರಾವಳಿಯ ಎಷ್ಟೋ ಹುಡುಗರು ದಡ ಸೇರಿದರು. ಮಾಸ್ತರರು ಬೋರ್ಡಿನ ಮೇಲೆ ‘ಗುಪ್ತೋಷ್ಣ’ ಎಂದು ಬರೆದರು. ಒಂದು ಗ್ರಾಂ ನೀರು ಹಬೆಯಾಗಲು ಸುಮಾರು 540 ಕ್ಯಾಲೊರಿ ಶಾಖ ನುಂಗುತ್ತದೆ. ಉಷ್ಣಮಾಪಕ ಒಂದು ಗೆರೆಯೂ ಏರುವುದಿಲ್ಲ. ಹಬೆ ಮತ್ತೆ ನೀರಾಗುವ ಗಳಿಗೆಯಲ್ಲಿ ನುಂಗಿದ್ದಷ್ಟನ್ನೂ ಕಕ್ಕುತ್ತದೆ, ಇಡ್ಲಿಹಿಟ್ಟಿನ ಮೇಲಾದರೂ ಸರಿ, ಮಾಣಿಯ ಕೈಮೇಲಾದರೂ ಸರಿ. 1760ರ ದಶಕದಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಅಳೆದು ತೋರಿಸಿದ್ದನ್ನು ನಮ್ಮ ಭಟ್ಟರು ಒಂದು ಬೈಗುಳದಲ್ಲಿ ಕಲಿಸಿದ್ದರು.

ಮಂಜುಗಡ್ಡೆಯದೂ ಇದೇ ಲೆಕ್ಕ. ಸಸೂನ್ ಡಾಕಿನಲ್ಲಿ ಬುಟ್ಟಿ ಬುಟ್ಟಿ ಬಂಗುಡೆಯ ಮೇಲೆ ಪುಡಿ ಐಸು ಸುರಿಯುತ್ತಾರಲ್ಲ, ಅದರ ಒಂದೊಂದು ಗ್ರಾಮೂ ಕರಗುವಾಗ 80 ಕ್ಯಾಲೊರಿ ಎಳೆದುಕೊಳ್ಳುತ್ತದೆ. ಅಷ್ಟು ಶಾಖದಲ್ಲಿ ಸೊನ್ನೆ ಡಿಗ್ರಿಯ ಒಂದು ಗ್ರಾಂ ನೀರನ್ನು 80 ಡಿಗ್ರಿಗೆ ಕಾಯಿಸಬಹುದು. ಐಸು ಕರಗುತ್ತಾ ಇರುವಷ್ಟು ಹೊತ್ತು ಮೀನಿಗೆ ಭಯವಿಲ್ಲ. 1830ರ ದಶಕದಲ್ಲಿ ಅಮೆರಿಕದಿಂದ ಹಡಗಿನಲ್ಲಿ ಮಂಜುಗಡ್ಡೆ ಮುಂಬಯಿ ಬಂದರಿಗೆ ಬರುತ್ತಿತ್ತು. ತಿಂಗಳುಗಟ್ಟಲೆ ಕಡಲಲ್ಲಿದ್ದೂ ಅದು ಉಳಿದು ಬಂದದ್ದು ಮರದ ಹೊಟ್ಟಿನ ಹೊದಿಕೆಯಿಂದ ಮತ್ತು ಈ 80 ಕ್ಯಾಲೊರಿಯ ದಯೆಯಿಂದ.

ನನ್ನನ್ನು ನಿಜವಾಗಿ ಕಾಡುವುದು ಬೆವರು. ಬೆವರು ಆರುವಾಗ ಇದೇ ಗುಪ್ತೋಷ್ಣವಾಗಿ ಮೈಯ ಬಿಸಿಯನ್ನು ಹೊತ್ತೊಯ್ಯುತ್ತದೆ. ಮುಂಬಯಿಯ ಗಾಳಿಯಲ್ಲಿ ಕಡಲಿನ ತೇವ ಮೊದಲೇ ತುಂಬಿರುತ್ತದೆ. ಇಲ್ಲಿ ಬೆವರು ಆರದೆ ಬೆನ್ನಗುಂಟ ಇಳಿಯುತ್ತದೆ, ಬಿಸಿ ಮೈಯೊಳಗೇ ಉಳಿಯುತ್ತದೆ. ಕಲಬುರಗಿಯ 42 ಡಿಗ್ರಿಯಲ್ಲಿ ಬೆಳೆದವರೂ ಇಲ್ಲಿನ 36ಕ್ಕೆ ಸೋತು ಕೂರುವುದನ್ನು ಕಂಡಿದ್ದೇನೆ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರಘರ್‌ನಲ್ಲಿ ಒಂದು ಸಮಾರಂಭಕ್ಕೆ ಬಂದು ತಾಸುಗಟ್ಟಲೆ ಬಯಲಿನ ಬಿಸಿಲಲ್ಲಿ ಕೂತಿದ್ದವರಲ್ಲಿ 14 ಜನ ತೀರಿಕೊಂಡರು. ಅಂದಿನ ಉಷ್ಣತೆ 38 ಡಿಗ್ರಿಯ ಆಸುಪಾಸು. ಅಂಕಿ ನೋಡಿ ಧೈರ್ಯ ತಂದುಕೊಳ್ಳುವ ಊರಲ್ಲ ಇದು.

ಗಾಳಿ ಆಡಿದರೆ ಬೆವರು ಸ್ವಲ್ಪವಾದರೂ ಆರುತ್ತದೆ. ಮೇ ತಿಂಗಳಲ್ಲಿ ನಿಮ್ಮ ಬಿಲ್ಡಿಂಗಿನ ವಾಚ್‌ಮನ್‌ಗೆ, ಗಾರೆ ಕೆಲಸದವರಿಗೆ, ಹೋಟೆಲಿನ ಒಳಮನೆಯಲ್ಲಿ ಬೇಯುವ ಹುಡುಗರಿಗೆ ಕುಡಿಯುವ ನೀರಿನ ಜೊತೆಗೆ ಒಂದು ಫ್ಯಾನನ್ನೂ ಕೊಡಿ.