ವುಸ್ಟರ್‌ಶೈರ್‌ನ ಕೊಳದಲ್ಲಿ ಒಂದು ಸಂಜೆ

ಇಂಗ್ಲೆಂಡಿಗೆ ಹೋಗಿಬಂದವರು ಲಂಡನ್ನಿನ ಗೋಪುರವನ್ನೂ ಸ್ಟ್ರಾಟ್‌ಫರ್ಡಿನಲ್ಲಿರುವ ಷೇಕ್ಸ್‌ಪಿಯರನ ಮನೆಯನ್ನೂ ವರ್ಣಿಸುವುದು ವಾಡಿಕೆ. ಅವೆರಡನ್ನೂ ನಾನು ನೋಡಿದೆನು. ಆದರೆ ಆ ದೇಶದ ಸಾಮಾನ್ಯ ಜನರನ್ನು ನಾನು ಹತ್ತಿರದಿಂದ ಕಂಡದ್ದು ವುಸ್ಟರ್‌ಶೈರ್ ಪ್ರಾಂತದ ಒಂದು ಮಣ್ಣುಗೊಳದ ದಂಡೆಯಲ್ಲಿ, ಗಾಳದ ಕೋಲು ಹಿಡಿದು ಕುಳಿತ ಮೂರು ಗಂಟೆಗಳಲ್ಲಿ.

ಬರ್ಮಿಂಗ್‌ಹ್ಯಾಮಿನಲ್ಲಿ ನೆಲಸಿರುವ ನನ್ನ ಭಾವನವರು ಬೇಸಗೆಯ ಬುಧವಾರಗಳನ್ನು ಈ ಕೊಳಕ್ಕೆ ಮುಡಿಪಾಗಿಟ್ಟವರು. ಅಂದು ಸಂಜೆ ಆರರಿಂದ ಒಂಬತ್ತರವರೆಗೆ ಅಲ್ಲಿ ಗಾಳದ ಪಂದ್ಯ. "ನೀನೂ ಒಂದು ಚೀಟಿ ಎತ್ತು. ಊರ ಕೆರೆಯಲ್ಲಿ ಬಿದಿರುಕಡ್ಡಿ ಹಿಡಿದು ಕೂತವನಲ್ಲವೆ?" ಎಂದರು. ಗಾಳ ಹಾಕಲು ಸರಕಾರದ ಪರವಾನಗಿ ಬೇಕು. ಒಂದು ದಿನದ ಮಟ್ಟಿಗೆ ಅದನ್ನು ಕೊಂಡದ್ದಾಯಿತು.

ಪಂದ್ಯದ ಮೀನು ಕಾರ್ಪ್. ನಮ್ಮಲ್ಲಿ ಗೆಂಡೆ ಎನ್ನುವ ಕುಲದ್ದು. ಮೀಸೆಯುಳ್ಳ ಈ ದಪ್ಪ ಮೀನು ಇಂಗ್ಲೆಂಡಿನ ಮೂಲನಿವಾಸಿಯಲ್ಲ, ಯೂರೋಪಿನ ಪೂರ್ವಭಾಗದಿಂದ ಬಂದದ್ದು. ಗಾಳದ ಬಗ್ಗೆ ಇಂಗ್ಲಿಷಿನಲ್ಲಿ 1496ರಲ್ಲಿ ಅಚ್ಚಾದ ಪುಸ್ತಕದಲ್ಲಿ ಅದು ಆ ನಾಡಿನಲ್ಲಿ ವಿರಳವೆಂಬ ಮಾತಿದೆ. ನಮ್ಮ ನೀಲಗಿರಿಗೆ ಅದು ಬಂದದ್ದು 1939ರಲ್ಲಿ. ಭಾವನವರು ಆ ಹಳೆಯ ಪುಸ್ತಕದ ಹಿರಿಮೆಯನ್ನು ಹೇಳುತ್ತಿದ್ದಾಗ ನನಗೆ ಸುಮ್ಮನಿರಲಾಗಲಿಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿಯೇ, ತನ್ನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ, 'ಮತ್ಸ್ಯವಿನೋದ'ವೆಂಬ ಅಧ್ಯಾಯವನ್ನೇ ಬರೆದಿಟ್ಟಿದ್ದಾನೆ. ಮೀನುಗಳ ಜಾತಿ, ಯಾವುದಕ್ಕೆ ಯಾವ ಆಹಾರ, ಗಾಳವನ್ನು ಹೇಗೆ ಹಾಕಬೇಕು, ಎಲ್ಲವೂ ಅಲ್ಲಿವೆ. "ಹಾಗಾದರೆ ಇಂದು ಕಲ್ಯಾಣದ ಮಾನ ಉಳಿಸು" ಎಂದು ಭಾವನವರು ನಕ್ಕರು.

ಟ್ರೌಟ್, ಸಾಲ್ಮನ್‌ಗಳಂಥ ಮೀನುಗಳ ಬೇಟೆ ಅಲ್ಲಿ ಹಿಂದಿನಿಂದಲೂ ಸಿರಿವಂತರ ವಿನೋದ. ಉಳಿದವಕ್ಕೆ 'ಒರಟು ಮೀನು' ಎಂಬ ಅರ್ಥದ ಹೆಸರು. ಅವು ಬರ್ಮಿಂಗ್‌ಹ್ಯಾಂ, ಶೆಫೀಲ್ಡ್‌ಗಳ ಕಾರ್ಖಾನೆಯ ಕಾರ್ಮಿಕರ ಪಾಲು. ಮೀನಿಗೂ ವರ್ಣವ್ಯವಸ್ಥೆ! ದೊಡ್ಡ ಕಾರ್ಪ್ ಗಾಳಕ್ಕೆ ಸಿಕ್ಕುವುದೇ ಇಲ್ಲವೆಂದು ಒಂದು ಕಾಲಕ್ಕೆ ಹಲವರು ನಂಬಿದ್ದರಂತೆ. ನೆರೆಯ ಹೆರಿಫರ್ಡ್‌ಶೈರ್‌ನ ರೆಡ್‌ಮೈರ್ ಕೊಳದಲ್ಲಿ ರಿಚರ್ಡ್ ವಾಕರ್ ಎಂಬಾತನು 1952ರಲ್ಲಿ 44 ಪೌಂಡಿನ ಮೀನೊಂದನ್ನು ಹಿಡಿದು ಆ ನಂಬಿಕೆಯನ್ನು ಅಲ್ಲಾಡಿಸಿದನು. ಆ ಮೀನು ಮುಂದೆ ಲಂಡನ್ನಿನ ಮೃಗಾಲಯದಲ್ಲಿ ವರ್ಷಗಟ್ಟಲೆ ಬಾಳಿತು.

ಹದಿನೆಂಟು ಮಂದಿ ಚೀಟಿ ಎತ್ತಿದರು. ಕೂರುವ ಜಾಗವನ್ನು ಆ ಚೀಟಿಯೇ ನಿಶ್ಚಯಿಸುತ್ತದೆ. ನನಗೆ 11 ಬಂದಿತು. ಪಕ್ಕದ 12ರಲ್ಲಿ ಎಪ್ಪತ್ತು ದಾಟಿದ ವೃದ್ಧರೊಬ್ಬರು, ಮೋಟಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಎದುರು ದಂಡೆಯ ತರುಣರು ಹದಿಮೂರು ಮೀಟರಿನ ಟೊಳ್ಳುಕೋಲುಗಳನ್ನು ತುಂಡುತುಂಡಾಗಿ ಜೋಡಿಸಿ ನಡುಗಡ್ಡೆಯವರೆಗೆ ಚಾಚುತ್ತಿದ್ದರು. ವೃದ್ಧರ ಭುಜ ಕೆಟ್ಟಿತ್ತು. ಅಷ್ಟು ಭಾರವನ್ನು ಹಿಡಿದಿರಲು ಸಾಧ್ಯವಿಲ್ಲ. ಚಿಕ್ಕ ಕೋಲೊಂದನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮ ಕಾಲಬುಡದ ಜೊಂಡಿನ ಪಕ್ಕದಲ್ಲಿಯೇ ಬೆಂಡನ್ನು ಬಿಟ್ಟರು. ಸಾಲಾಗಿ ನಾಲ್ಕು ವಾರ ಅವರೇ ಕಡೆಯವರಾಗಿದ್ದರೆಂದೂ, ಈ ಸಲವೂ ಹಾಗಾದರೆ ಕೋಲನ್ನು ಮೊಮ್ಮಗನಿಗೆ ಕೊಟ್ಟುಬಿಡುವುದಾಗಿ ಹೇಳಿದ್ದಾರೆಂದೂ ಭಾವನವರು ನನ್ನ ಕಿವಿಯಲ್ಲಿ ಉಸುರಿದರು.

ನೀರು ಹಾಲು ಬೆರಸಿದ ಚಹದ ಬಣ್ಣದ್ದು. ನಡುವೆ ಮೂರಡಿ ಆಳ, ಅಂಚಿನಲ್ಲಿ ಮೊಳಕಾಲುದ್ದ. ಇಂಥ ಆಳವಿಲ್ಲದ ಕೊಳವು ಹಗಲ ಬಿಸಿಲಿಗೆ ಬೇಗ ಕಾಯುತ್ತದೆ. ನೀರಿನೊಳಗಣ ಪಾಚಿ ದಿನವೆಲ್ಲ ಬಿಡುಗಡೆ ಮಾಡಿದ ಆಮ್ಲಜನಕವು ಸಂಜೆಯ ಹೊತ್ತಿಗೆ ತುಂಬಿರುತ್ತದೆ. ಬೆಳಗಿನ ಜಾವಕ್ಕೆ ಅದೇ ಕನಿಷ್ಠಕ್ಕೆ ಇಳಿಯುತ್ತದೆ. ಸಂಜೆ ಬೆಳಕು ಕುಗ್ಗಿ ದಂಡೆಯ ಸದ್ದಡಗಿದಂತೆ ಮೀನಿಗೆ ಧೈರ್ಯ ಬಂದು ಅಂಚಿನ ಕೆಸರನ್ನು ಕೆದಕಲು ಬರುತ್ತದೆ.

ಸೀಟಿ ಊದಿತು. ಎದುರಿನವರು ರಬ್ಬರಿನ ಕವಣೆಯಿಂದ ಆಹಾರದ ಗುಳಿಗೆಗಳನ್ನು ಮಳೆಗರೆದರು. ವೃದ್ಧರು ಮಾತ್ರ ಹತ್ತು ನಿಮಿಷಕ್ಕೊಮ್ಮೆ ಒಂದು ಚಿಟಿಕೆ ಗುಳಿಗೆ, ನಾಲ್ಕು ಕಾಳು ಮುಸುಕಿನ ಜೋಳ, ಇಷ್ಟನ್ನೇ ಹಾಕಿದರು. "ಹೊಟ್ಟೆ ತುಂಬಿದ ಮೀನು ನಿಮ್ಮ ಕೊಕ್ಕೆಯನ್ನೇಕೆ ಮುಟ್ಟೀತು? ಇದು ಉಣಬಡಿಸುವ ಪಂದ್ಯ" ಎಂದರು. ನಾನು ಅವರ ಕೈಯನ್ನೇ ಅನುಸರಿಸಿದೆನು.

ಕಾರ್ಪ್‌ನ ಬಾಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಲ್ಲಿ. ಕೆಸರಿನೊಡನೆ ಎಲ್ಲವನ್ನೂ ಒಳಗೆಳೆದು, ಬೇಡದ್ದನ್ನು ಮರುಕ್ಷಣವೇ ಉಗುಳುತ್ತದೆ. ಆದ್ದರಿಂದ ನೀರಿನಲ್ಲಿ ಗುಳ್ಳೆ ಏಳುತ್ತಿದ್ದರೂ ಬೆಂಡು ಅಲುಗದು. ಒಂದು ಗಂಟೆ ಕಳೆಯಿತು. ನನಗೆ ಒಂದು ಮೀನು, ವೃದ್ಧರಿಗೆ ಎರಡು. ಎದುರು ದಂಡೆಯಲ್ಲಿ ಮಾತ್ರ ಕೋಲುಗಳು ಬಾಗುತ್ತಲೇ ಇದ್ದವು. ವೃದ್ಧರು ಆ ಕಡೆ ಕಣ್ಣೆತ್ತಲಿಲ್ಲ. ಎಂಟೂಕಾಲರ ಸುಮಾರಿಗೆ ಅವರ ಜೊಂಡಿನ ಬುಡದಿಂದ ಕೆಂಪು ಕೆಸರು ಹೊಗೆಯಂತೆ ಎದ್ದಿತು. ಒಂದು ಬಾಲ ನೀರಿನ ಮೇಲೆ ಕಾಣಿಸಿ ಮರೆಯಾಯಿತು. ಬೆಂಡು ಮುಳುಗಿತು.

ಆಮೇಲಿನ ಮುಕ್ಕಾಲು ಗಂಟೆ ಅವರಿಗೆ ಪುರುಸೊತ್ತಿಲ್ಲ. ಮೀನನ್ನು ಕೈಬಲೆಗೆ ಎಳೆಯುವುದು, ಒದ್ದೆ ಕೈಯಿಂದ ಕೊಕ್ಕೆ ಬಿಡಿಸುವುದು, ನೀರಿನೊಳಗೆ ಇಳಿಬಿಟ್ಟ ಬಲೆಚೀಲಕ್ಕೆ ಸೇರಿಸುವುದು. ನನಗೂ ಮತ್ತೆ ನಾಲ್ಕು ದಕ್ಕಿದವು. ಮೊಳದುದ್ದದ ಮೀನು ಕೋಲಿನೊಳಗಣ ರಬ್ಬರಿನ ಎಳೆಯನ್ನು ಎಳೆದುಕೊಂಡು ಓಡುವಾಗ ತೋಳಿನವರೆಗೂ ಅದರ ಬಲ ಹರಿಯುತ್ತದೆ. ಆ ಸಂತೋಷವನ್ನು ನಾನು ಮರೆಮಾಚಲಾರೆ.

ತಿನ್ನದ ಮೇಲೆ ಹಿಡಿಯುವುದೇಕೆ ಎಂದು ವಾಚಕರು ಕೇಳಬಹುದು. ನನ್ನ ತಾಯಿಯವರೂ ಕೇಳಿದರು. ಕೊಕ್ಕೆಗೆ ಮುಳ್ಳಿರಕೂಡದೆಂದು ಅಲ್ಲಿ ನಿಯಮ. ಮೀನನ್ನು ಬರಿನೆಲದ ಮೇಲಿಡುವಂತಿಲ್ಲ, ತೋಯಿಸಿದ ಮೆತ್ತೆ ಬೇಕು. ಒಂದು ಚೀಲದಲ್ಲಿ 50 ಪೌಂಡಿಗಿಂತ ಹೆಚ್ಚು ತುಂಬಿದರೆ ಹೆಚ್ಚಿನದು ಲೆಕ್ಕಕ್ಕಿಲ್ಲ. ಇಷ್ಟಾದರೂ ನೋವಿಲ್ಲವೆಂದು ಹೇಳಲು ನನಗೆ ಬಾಯಿ ಬಾರದು. ಟ್ರೌಟ್ ಮೀನಿನ ತಲೆಯಲ್ಲಿ ಗಾಯವನ್ನು ಗ್ರಹಿಸುವ ನರಾಗ್ರಗಳಿರುವುದನ್ನು ಸ್ಕಾಟ್‌ಲೆಂಡಿನ ಸಂಶೋಧಕರು 2003ರಲ್ಲಿಯೇ ತೋರಿಸಿದ್ದಾರೆ. ಈ ಮಾತನ್ನು ವೃದ್ಧರಿಗೆ ಹೇಳಿದೆನು. ಅವರು ವಾದಿಸಲಿಲ್ಲ. "ಅದಕ್ಕೇ ಬೇಗ ಬಿಡಿಸಬೇಕು" ಎಂದು ಕೈಯಲ್ಲಿದ್ದ ಮೀನನ್ನು ಚೀಲಕ್ಕಿಳಿಸಿದರು.

ಒಂಬತ್ತಕ್ಕೆ ಮತ್ತೆ ಸೀಟಿ. ಜೂನ್ ತಿಂಗಳಾದುದರಿಂದ ಸೂರ್ಯ ಇನ್ನೂ ಮುಳುಗಿರಲಿಲ್ಲ. ಪಶ್ಚಿಮಕ್ಕೆ ಮಾಲ್ವರ್ನ್ ಬೆಟ್ಟದ ಸಾಲು ನೀಲಿಯಾಗಿ ನಿಂತಿತ್ತು. ತಕ್ಕಡಿ ಹೊತ್ತವರು ದಂಡೆಯ ಸುತ್ತ ಬಂದರು. ನನ್ನವು ಐದು ಮೀನು, 23 ಪೌಂಡು 6 ಔನ್ಸು. ಹದಿನೆಂಟರಲ್ಲಿ ಹದಿನಾಲ್ಕನೆಯ ಸ್ಥಾನ. ಕಲ್ಯಾಣದ ಮಾನ ಅಷ್ಟರಮಟ್ಟಿಗೆ ಉಳಿಯಿತು. ಎದುರಿನ ತರುಣನೊಬ್ಬನದು 67 ಪೌಂಡು. ವೃದ್ಧರ ಎರಡು ಚೀಲಗಳನ್ನು ಒಂದಾದ ಮೇಲೊಂದು ತೂಗಿದರು. ಬರೆದುಕೊಳ್ಳುವವನು ಎರಡು ಸಲ ಕೂಡಿ ನೋಡಿದನು: 64 ಪೌಂಡು 2 ಔನ್ಸು. ಎರಡನೆಯ ಸ್ಥಾನ.

ಯಾರೋ ಅವರ ಬೆನ್ನು ತಟ್ಟಿದರು, ಕೆಟ್ಟ ಭುಜವನ್ನು ಬಿಟ್ಟು. ಅವರು ಮೊಳಕಾಲೂರಿ ಚೀಲದ ಬಾಯನ್ನು ನೀರಿಗೆ ಬಗ್ಗಿಸಿದರು. ಮೀನುಗಳು ಅವಸರಪಡಲಿಲ್ಲ, ಒಂದೊಂದಾಗಿ ತಲೆ ತಿರುಗಿಸಿ ಕೆಂಪು ನೀರಿನಲ್ಲಿ ಕರಗಿದವು. ಅವರ ಮೊಮ್ಮಗನು ಕೋಲನ್ನು ಬಿಚ್ಚಿ ಚೀಲಕ್ಕೆ ಹಾಕತೊಡಗಿದಾಗ, ವೃದ್ಧರು ಅದನ್ನು ಅವನ ಕೈಯಿಂದ ತೆಗೆದುಕೊಂಡು ತಾವೇ ಒರಸಿ ಕಟ್ಟಿಕೊಂಡರು.