ಗಡಿಯಾಚೆಯ ರೊಟ್ಟಿ

ಮನುಷ್ಯನ ನಾಲಿಗೆಗೆ ಎರಡು ಕೆಲಸ. ಒಂದು ರುಚಿ ನೋಡುವುದು. ಮತ್ತೊಂದು ಇತರರ ರುಚಿಯನ್ನು ಹಳಿಯುವುದು. ಎರಡನೆಯದರಲ್ಲಿ ಅದಕ್ಕೆ ದಣಿವೆಂಬುದೇ ಇಲ್ಲ. ಅಮೆರಿಕೆಯ ಟೆಕ್ಸಾಸ್ ಪ್ರಾಂತದ ಸ್ಯಾನ್ ಆಂಟೋನಿಯೊ ನಗರದಲ್ಲಿರುವ ಅಕ್ಕನ ಮನೆಯಲ್ಲಿ ಒಂದು ಬೇಸಿಗೆಯನ್ನು ಕಳೆದಾಗ ಈ ಮಾತು ನನಗೆ ಚೆನ್ನಾಗಿ ಮನದಟ್ಟಾಯಿತು.

ಅಲ್ಲಿ ಬೀದಿಬೀದಿಗೂ ಮೆಕ್ಸಿಕೋ ಊಟದ ಹೋಟೆಲುಗಳು. ಆ ಊಟಕ್ಕೆಲ್ಲ ಆಧಾರ ಟೋರ್ಟಿಯಾ ಎಂಬ ತೆಳುರೊಟ್ಟಿ. ಮೆಕ್ಸಿಕೋದವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲ ನೆನೆಯಿಟ್ಟು, ತೊಳೆದು ರುಬ್ಬಿ, ಕಾವಲಿಯ ಮೇಲೆ ಸುಡುತ್ತಾರೆ. ಸುಣ್ಣವೇ ಎಂದು ಬೆದರಬೇಡಿ. ವೀಳ್ಯಕ್ಕೆ ಸುಣ್ಣ ಹಚ್ಚುವ ನಾವು ಬೆದರುವುದು ಸಲ್ಲದು. ಕಾಳಿನಲ್ಲಿ ಅಡಗಿರುವ ನಿಯಾಸಿನ್ ಎಂಬ ಜೀವಸತ್ತ್ವ ಮೈಗೆ ದಕ್ಕುವುದು ಆ ಸುಣ್ಣದಿಂದಲೇ.

ಈ ಮೆತ್ತನೆಯ ರೊಟ್ಟಿಯಲ್ಲಿ ಮಾಂಸವನ್ನೋ ಬೆಂದ ಕಾಳನ್ನೋ ಇಟ್ಟು, ಈರುಳ್ಳಿ, ಕೊತ್ತಂಬರಿ, ನಿಂಬೆರಸ ಸೇರಿಸಿ ಮಡಿಸಿದರೆ ಅದು ಮೆಕ್ಸಿಕೋದ ಟಾಕೊ. ಟೆಕ್ಸಾಸಿನ ಟಾಕೊ ಹಲವೆಡೆ ಗರಿಗರಿಯಾಗಿ ಕರಿದ ದೊನ್ನೆಯಂತಿರುತ್ತದೆ. ಒಳಗೆ ಕೊಚ್ಚಿದ ದನದ ಮಾಂಸ, ಹಳದಿ ಚೀಸು, ಹಸಿ ಸೊಪ್ಪು. ಎಂಚಿಲಾಡಾ ಎಂದರೆ ಮೆಣಸಿನಕಾಯಿ ಹಚ್ಚಿದ್ದು ಎಂದರ್ಥ. ಮೆಕ್ಸಿಕೋದಲ್ಲಿ ರೊಟ್ಟಿಯನ್ನು ಮೆಣಸಿನ ಗೊಜ್ಜಿನಲ್ಲಿ ಅದ್ದಿ ಬಿಳಿಯ ಚೀಸನ್ನು ಪುಡಿಮಾಡಿ ಉದುರಿಸುತ್ತಾರೆ. ಟೆಕ್ಸಾಸಿನಲ್ಲಿ ಹಿಟ್ಟು ಬೆರೆಸಿ ಗಟ್ಟಿಮಾಡಿದ ಗೊಜ್ಜು, ಅದಕ್ಕೆ ಢಾಳಾಗಿ ಜೀರಿಗೆ, ಮೇಲೆ ಕರಗಿದ ಹಳದಿ ಚೀಸು.

"ಇದೆಲ್ಲ ಅಸಲಿಯಲ್ಲ ಕಣಯ್ಯ, ಬರೀ ಕಲಬೆರಕೆ," ಎಂದರು ಭಾವ. ಈ ಮಾತು ಅವರೊಬ್ಬರದೇ ಅಲ್ಲ. ಆಂಗ್ಲ ಮಹಿಳೆ ಡಯಾನಾ ಕೆನಡಿಯವರು 1972ರಲ್ಲಿ ಮೆಕ್ಸಿಕೋದ ಅಡುಗೆಯ ಮೇಲೆ ಗ್ರಂಥ ಬರೆದ ಮೇಲೆ, ಟೆಕ್ಸ್-ಮೆಕ್ಸ್ ಎಂಬುದು ಅನೇಕರ ಬಾಯಲ್ಲಿ ಬೈಗುಳವೇ ಆಗಿಹೋಯಿತು.

ಆದರೆ ಚರಿತ್ರೆಯನ್ನು ಸ್ವಲ್ಪ ನೋಡಿ. 1836ರವರೆಗೆ ಟೆಕ್ಸಾಸ್ ಮೆಕ್ಸಿಕೋಗೆ ಸೇರಿತ್ತು. 1845ರಲ್ಲಿ ಅಮೆರಿಕೆಯ ಸಂಯುಕ್ತ ಸಂಸ್ಥಾನಕ್ಕೆ ಸೇರಿತು. ಅಲ್ಲಿಯ ಹಳೆಯ ಮನೆತನಗಳವರು ಗಡಿಯನ್ನು ದಾಟಲಿಲ್ಲ; ಗಡಿಯೇ ಅವರನ್ನು ದಾಟಿತು. ಅವರು ತಮ್ಮ ಸಂತೆಯಲ್ಲಿ ಸಿಕ್ಕಿದ್ದರಿಂದ ಅಡುಗೆ ಮಾಡಿಕೊಂಡರು. ಅದರಲ್ಲಿ ನಕಲಿ ಯಾವುದು? ಗೋಧಿಯ ಟೋರ್ಟಿಯಾ ಅಮೆರಿಕದವರದೆಂದು ಕೆಲವರು ಮೂಗು ಮುರಿಯುತ್ತಾರೆ. ಉತ್ತರ ಮೆಕ್ಸಿಕೋದ ಸೊನೋರಾದಲ್ಲಿ ಅದು ನಿತ್ಯದ ಊಟ. ಟೆಕ್ಸಾಸಿನದೆಂದೇ ಹೆಸರಾದ ನಾಚೊ ಹುಟ್ಟಿದ್ದು ಮೆಕ್ಸಿಕೋದ ನೆಲದಲ್ಲಿ, ಪಿಯೆದ್ರಾಸ್ ನೆಗ್ರಾಸ್ ಎಂಬ ಗಡಿಯೂರಿನಲ್ಲಿ. 1943ರಲ್ಲಿ ಅದನ್ನು ಮಾಡಿದ ಇಗ್ನಾಸಿಯೊ ಅನಾಯಾ ಅವರ ಮುದ್ದಿನ ಹೆಸರೇ ನಾಚೊ!

ಭಾವನ ಮಾತಿಗೆ ನಾನು ಇಷ್ಟು ವಾದ ಹೂಡಲು ಕಾರಣವುಂಟು. ನನ್ನ ತಾಯಿಯ ತವರು ಸೊಲ್ಲಾಪುರ, ಮನೆಮಾತು ಕನ್ನಡ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಆ ಊರು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಅಲ್ಲಿ ಅಮ್ಮ 'ಕಾನಡಿ' ಎನಿಸಿಕೊಂಡಳು. ತುಮಕೂರಿನ ಅತ್ತೆಮನೆಗೆ ಬಂದು ಆಮಟಿ ಬಡಿಸಿದಾಗ "ಇದು ನಮ್ಮ ಕಡೆಯ ಸಾರಲ್ಲ, ಮರಾಠಿಯವರದು" ಎನಿಸಿಕೊಂಡಳು. ಬಹಳ ಕಾಲ ಆಕೆ ಅದನ್ನು ಮಾಡಲೇ ಇಲ್ಲ.

ಎರಡು ಅಡುಗೆಗಳು ಬೇರೆ ಬೇರೆ ಎನ್ನೋಣ, ಹೇಗೆ ಬೇರೆ ಎಂಬುದನ್ನೂ ಅರಿಯೋಣ. ಒಂದನ್ನು ಅಸಲಿಯೆಂದು ಮೆರೆಸಿ ಇನ್ನೊಂದನ್ನು ಹೀಯಾಳಿಸುವ ಮುನ್ನ, ಅದನ್ನು ಬಡಿಸಿದವರ ಮುಖವನ್ನು ಒಮ್ಮೆ ನೋಡೋಣ.